ಚೀಟಿಯಲ್ಲಿ ಬಂದ ಮಗ

ನನಗೊಬ್ಬ ಅಣ್ಣನಿದ್ದ, ಬೆರಳಗಲದ ಕಾಗದದಲ್ಲಿ.
ಅಮ್ಮ ಅವನನ್ನು ಹೆರಲಿಲ್ಲ, ಎತ್ತಿಕೊಂಡಳು
ಬಿಸ್ಕತ್ತಿನ ಡಬ್ಬಿಯಿಂದ, ಕಣ್ಣು ಮುಚ್ಚಿ.

ಪಾನೆವೆಜಿಸ್ಸಿನ ನಾರುಬಟ್ಟೆ ಕಾರ್ಖಾನೆಯಲ್ಲಿ
ಎರಡನೇ ಪಾಳಿ ಮುಗಿದಿತ್ತು. ನಮ್ಮ ಅಡುಗೆಮನೆಯಲ್ಲಿ
ಆರು ಜನ ಹೆಂಗಸರು, ಪರದೆ ಎಳೆದು,
ರೇಡಿಯೊ ಜೋರು ಮಾಡಿ, ಕೈಗವಸು ಹೆಣೆಯುವ ನೆಪ.
ಡಬ್ಬಿ ತಂದವಳು ಲಿಯೊಕಾದಿಯಾ.
ಆಸ್ಪತ್ರೆಯ ನೆಲ ಒರೆಸುವವಳು ಎಂದು ಸರ್ಕಾರದ ಕಾಗದ;
ಸಿಸ್ಟರ್ ಎಂದು ಕರೆಯಕೂಡದೆಂದು ನನಗೆ ಕಣ್ಣಲ್ಲೇ ಹೇಳಿದ್ದರು.
‘ಗುರುಮಠದ ಹುಡುಗರು,’ ಅಂದಳು,
‘ತಲೆಗೊಬ್ಬ ತಾಯಿ ಬೇಕು. ಅವರಿಗೆ ತಿಳಿಯಬಾರದು.’

ಅಮ್ಮನಿಗೆ ಬಂದದ್ದು ವಿಗಾಂದಾಸ್.
ಓದಿದಳು, ಏಪ್ರನ್ನಿನ ಅಂಚು ಬಿಚ್ಚಿ
ಒಳಗಿಟ್ಟು ಹೊಲಿದಳು.
ಬಸಿರೆಂದರೆ ಅಷ್ಟೇ.

ಆಮೇಲೆ ಮನೆಗೆ ಸಕ್ಕರೆ ಬರುವುದು ನಿಂತಿತು.
ಬಿಟ್ಟದ್ದು ಅವಳು, ಅವನಿಗಾಗಿ;
ಕಹಿ ಚಹಾ ಕುಡಿದದ್ದು ನಾನೂ.
ಹಲ್ಲುನೋವು ಬಂದರೆ ಕೀಳಿಸದೆ
ಮೂರು ದಿನ ಇಟ್ಟುಕೊಂಡಳು,
ಅವನಿಗೀಗ ಪರೀಕ್ಷೆಯಿರಬಹುದು, ಎಂದು.
ನನಗೆ ಜ್ವರವಿದ್ದ ರಾತ್ರಿಯೂ
ಜಪಸರದ ಮೂರನೆಯ ಹತ್ತು ಮಣಿ ಅವನದೇ.
ನಾನು ಒದ್ದೆ ಬಟ್ಟೆಯಡಿಯಿಂದ ಎಣಿಸುತ್ತಿದ್ದೆ,
ಒಂದಾದರೂ ನನ್ನ ಕಡೆ ಉರುಳೀತೇ?

ಒಮ್ಮೆ ಕೇಳಿಯೇಬಿಟ್ಟೆ:
ಮುಖ ನೋಡಿಲ್ಲ, ದನಿ ಕೇಳಿಲ್ಲ, ಎಂಥ ಮಗ?
ಅವಳು ಬಲಿಪೀಠದ ಬಟ್ಟೆ ನೆನೆಹಾಕುತ್ತಿದ್ದಳು.
‘ಶಿಲುಬೆಯ ಬುಡದಲ್ಲಿ ನಿಂತವಳು
ಕೇಳಿ ಪಡೆದಳೇನು ಆ ಎರಡನೆಯವನನ್ನು?
ಕೊಟ್ಟರು. ಮನೆಗೆ ಕರಕೊಂಡು ಹೋದಳು.’
ಕರಕೊಂಡು ಹೋದವನು ಅವನಲ್ಲವೇ ಎಂದು ನಾನು.
‘ಎರಡೂ ಒಂದೇ. ಬಾಗಿಲು ಹಾಕು, ಚಳಿ.’

ಮೊದಲ ನೀರನ್ನು ಅವಳು ಮೋರಿಗೆ ಚೆಲ್ಲುತ್ತಿರಲಿಲ್ಲ.
ಕಣ್ಣಿಗೆ ಕಾಣದ ಚೂರಿನಲ್ಲೂ ಅವನಿರುತ್ತಾನೆ ಎಂದು
ಕಪ್ಪು ಕರಂಟಿನ ಗಿಡದ ಬುಡಕ್ಕೆ, ಮೆಲ್ಲಗೆ.
ಯಾವ ಅವನು ಎಂದು ಕೇಳಬೇಕೆನಿಸಿ, ಕೇಳಲಿಲ್ಲ.

ದೇಶ ಬಿಡುಗಡೆಯಾಗಿ, ಗಂಟೆಗಳು ಬಾಯಿಬಿಟ್ಟು,
ಹತ್ತು ವರ್ಷವಾದ ಮೇಲೆ ಸುದ್ದಿ ತಂದವಳು ನಾನೇ.
ಓಡುತ್ತ ಬಂದೆ, ಸುಳ್ಳೇಕೆ, ಖುಷಿಯಿಂದ:
ನಿನ್ನ ಮಗ ನಿಲುವಂಗಿ ಕಳಚಿಟ್ಟನಂತೆ,
ಕ್ಲೈಪೆದಾದ ಬಂದರಿನಲ್ಲಿ ಕ್ರೇನ್ ನಡೆಸುತ್ತಾನಂತೆ,
ಹೆಂಡತಿಯಂತೆ, ಮಗುವಂತೆ.

ಇಸ್ತ್ರಿಪೆಟ್ಟಿಗೆ ನಿಂತಿತು.
ಹೊರಗೆ ಯಾರೋ ಕಟ್ಟಿಗೆ ಒಡೆಯುತ್ತಿದ್ದರು.
‘ಅಷ್ಟು ಎತ್ತರದಲ್ಲಿ, ಸಮುದ್ರದ ಗಾಳಿ...
ಕಿವಿ ಮುಚ್ಚುವ ಟೋಪಿ ಇದೆಯಂತಾ?’
ಬಿಳಿ ನಾರುಬಟ್ಟೆಯ ಮೇಲೆ ಕಂದು ಕಲೆ ಬಿದ್ದಿತ್ತು.
ಮಡಿಚಿ ಬದಿಗಿಟ್ಟಳು. ಮರುವಾರ
ಪಿಂಚಣಿಯಲ್ಲಿ ಹೊಸ ಬಟ್ಟೆ ತಂದು ಅಂಚು ಕಟ್ಟಿದಳು.
ಆ ರಾತ್ರಿ ಜಪಸರ ತುಸು ಉದ್ದವಾಯಿತು:
ಹೆಸರು ತಿಳಿಯದ ಮೊಮ್ಮಗುವಿಗೊಂದು,
ಆ ಹೆಂಗಸಿಗೊಂದು.

ಅಮ್ಮನನ್ನು ಮಣ್ಣಿಗಿಟ್ಟು ಬಂದ ಸಂಜೆ
ಏಪ್ರನ್ನಿನ ಅಂಚು ಬಿಚ್ಚಿದೆ.
ಎಷ್ಟು ಒಗೆತ, ಎಷ್ಟು ಕುದಿತ!
ಕಾಗದ ಬೆಂದು ಬೆಂದು ಕಾಳಾಗಿತ್ತು,
ಉಗುರಿನಷ್ಟು ಗಟ್ಟಿ, ಬೂದು ಬಣ್ಣ.
ಹೆಸರು ಎಂದೋ ತೊಳೆದುಹೋಗಿತ್ತು.

ನಾನು ಪೂಜೆಗೆ ಹೋಗುವವಳಲ್ಲ. ಮಕ್ಕಳಿಲ್ಲ.
ಮಂಡಿ ಊರಿದರೆ ಏಳುವುದು ಕಷ್ಟ.
ಆದರೆ ಲಿಯೊಕಾದಿಯಾ ಇಲ್ಲ, ಡಬ್ಬಿಯಿಲ್ಲ,
ಅಮ್ಮನೂ ಇಲ್ಲದ ಮೇಲೆ
ಆ ಹೆಸರು ಉಳಿದಿರುವುದು
ಅದನ್ನು ಕಂಡರಾಗದ ಈ ಬಾಯಲ್ಲಿ ಮಾತ್ರ.

ಹೊರಗೆ ಗಾಳಿ ಎದ್ದಿದೆ, ಪಡುವಣದಿಂದ.
ಚಹಾ ಕಾಸಿದೆ. ಸಕ್ಕರೆಯ ಚಮಚ
ಕೈಯಲ್ಲಿ ಹಾಗೇ ನಿಂತಿದೆ.

ವಿಗಾಂದಾಸ್, ಟೋಪಿ ಹಾಕಿಕೊಂಡಿದ್ದೀಯೇನೋ?